ಮಕ್ಕಳ ಫುಟ್‌ಬಾಲ್: ದಾಳಿಯನ್ನೂ ರಕ್ಷಣೆಯನ್ನೂ ಆಟವಾಡಿಸಿಯೇ ಕಲಿಸುವ ಕ್ರಮ

ಕೊಡಗು ಎಂದರೆ ಹಾಕಿ ಎಂಬ ಮಾತು ಜಿಲ್ಲೆಯ ಹೊರಗೆ ಚಾಲ್ತಿಯಲ್ಲಿದ್ದರೂ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿಯ ಕಡೆ ಸಂಜೆ ಮೈದಾನಕ್ಕೆ ಇಳಿಯುವ ಮಕ್ಕಳಲ್ಲಿ ಹೆಚ್ಚಿನವರ ಕಾಲಲ್ಲಿ ಇರುವುದು ಫುಟ್‌ಬಾಲ್. ಈ ಮಕ್ಕಳನ್ನು ನೋಡಿಕೊಳ್ಳುವ ದೈಹಿಕ ಶಿಕ್ಷಕರು, ಯುವಕ ಸಂಘದವರು ಮತ್ತು ಪೋಷಕರು ಪದೇಪದೇ ಕೇಳುವ ಪ್ರಶ್ನೆ ಒಂದೇ. ಚೆಂಡು ಬಿಟ್ಟುಕೊಟ್ಟರೆ ಎಲ್ಲರೂ ಅದರ ಹಿಂದೆಯೇ ಗುಂಪಾಗಿ ಓಡುತ್ತಾರೆ, ಸಾಲಾಗಿ ನಿಲ್ಲಿಸಿ ಹೇಳಿಕೊಡಲು ಹೋದರೆ ಐದು ನಿಮಿಷದಲ್ಲಿ ಬೇಸರಪಟ್ಟುಕೊಳ್ಳುತ್ತಾರೆ; ಹಾಗಾದರೆ ಕಲಿಸುವುದು ಹೇಗೆ?

ನನ್ನ ಉತ್ತರವೂ ಒಂದೇ. ಕಲಿಸಬೇಕಾದ ಕೌಶಲವನ್ನು ಆಟದ ನಿಯಮದೊಳಗೆ ಸೇರಿಸಿಬಿಡಿ. ಗೆಲ್ಲಬೇಕಾದರೆ ಆ ಕೌಶಲ ಬೇಕೇ ಬೇಕು ಎನ್ನುವಂತೆ ನಿಯಮವಿದ್ದರೆ ನೀವು ಹೇಳದಿದ್ದರೂ ಮಗು ಅದನ್ನು ಹುಡುಕಿಕೊಳ್ಳುತ್ತದೆ. ಕೆಳಗಿನ ಆರು ಹಂತಗಳು 6ರಿಂದ 12 ವರ್ಷದೊಳಗಿನ ಹನ್ನೆರಡು ಹದಿನಾರು ಮಕ್ಕಳಿಗೆ, ಒಬ್ಬ ತರಬೇತುದಾರನಿಗೆ ಮತ್ತು ಸುಮಾರು ಒಂದು ಗಂಟೆಯ ಅವಧಿಗೆ ಹೊಂದುವಂತಿವೆ. ದಾಳಿಗೆ ಒಂದು ದಿನ, ರಕ್ಷಣೆಗೆ ಇನ್ನೊಂದು ದಿನ ಎಂದು ನಾನು ವಿಂಗಡಿಸಿಲ್ಲ. ಎದುರಿಗೆ ಒಳ್ಳೆಯ ರಕ್ಷಕನಿಲ್ಲದೆ ದಾಳಿಗಾರ ಬೆಳೆಯುವುದಿಲ್ಲವಾದ್ದರಿಂದ ಎರಡನ್ನೂ ಒಂದೇ ಆಟದಲ್ಲಿ, ಒಂದೇ ಮಗುವಿಗೆ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಹೊಂದಿಸಿಕೊಳ್ಳಬೇಕಾದವು

ಚೆಂಡಿನ ಅಳತೆಯಲ್ಲಿ ರಾಜಿ ಬೇಡ. 8 ವರ್ಷದೊಳಗಿನವರಿಗೆ 3ನೇ ಸೈಜಿನ ಚೆಂಡು, 8ರಿಂದ 12ರವರೆಗೆ 4ನೇ ಸೈಜು, ಅದಕ್ಕಿಂತ ದೊಡ್ಡವರಿಗೆ 5ನೇ ಸೈಜು ಎಂಬುದು ಎಲ್ಲೆಡೆ ಪಾಲಿಸುವ ಕ್ರಮ. 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನು ಏಳು ವರ್ಷದ ಮಗುವಿಗೆ ಕೊಟ್ಟರೆ ಮಗು ಚೆಂಡನ್ನು ಕಾಲಿನ ಹತ್ತಿರ ಇಟ್ಟುಕೊಳ್ಳುವ ಬದಲು ಬಲವಾಗಿ ಒದೆಯುವುದನ್ನಷ್ಟೇ ಕಲಿಯುತ್ತದೆ. ಇಬ್ಬರಿಗೆ ಒಂದಾದರೂ ಚೆಂಡು ಇರಲಿ. ಏರುತಗ್ಗಿನ ಮೈದಾನವಾದರೆ ಗಾಳಿಯನ್ನು ತುಸು ಕಡಿಮೆ ತುಂಬಿ, ಪುಟಿತ ತಗ್ಗುತ್ತದೆ.

ಜಾಗ 30 ಮೀಟರ್ ಉದ್ದ, 20 ಮೀಟರ್ ಅಗಲವಿದ್ದರೆ ಧಾರಾಳವಾಯಿತು. ನಮ್ಮಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಮೈದಾನ ಇಳಿಜಾರಾಗಿದ್ದರೆ ಒಂದು ತಂಡ ಸದಾ ಮೇಲಿನಿಂದ, ಇನ್ನೊಂದು ಸದಾ ಕೆಳಗಿನಿಂದ ಆಡುವಂತಾಗದಿರಲು ಗೋಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಡಿ. ಭತ್ತದ ಕೊಯ್ಲು ಮುಗಿದು ಒಣಗಿದ ಗದ್ದೆ ಮಕ್ಕಳಿಗೆ ಒಳ್ಳೆಯ ಮೈದಾನ, ಆದರೆ ಕೂಳೆ ಕಾಲಿಗೆ ಚುಚ್ಚದಂತೆ ಮೊದಲೇ ನೋಡಿಕೊಳ್ಳಬೇಕು. ಕಾಫಿ ಒಣಗಿಸುವ ಸಿಮೆಂಟಿನ ಕಣ ಸಮತಟ್ಟಾಗಿದೆ ಎಂದು ಅಲ್ಲಿ ಆಡಿಸಬೇಡಿ, ಜಾರಿ ಬಿದ್ದರೆ ಮೊಣಕಾಲು, ಮೊಣಕೈಗಳ ಚರ್ಮ ಕಿತ್ತುಬರುತ್ತದೆ. ಮಳೆಗಾಲದ ಕೆಸರುಗದ್ದೆಯ ಫುಟ್‌ಬಾಲ್ ಸಂಭ್ರಮಕ್ಕೆ ಸರಿ. ಚೆಂಡೇ ಉರುಳದ ಕಡೆ ಕೌಶಲ ಕಲಿಸಲು ಸಾಧ್ಯವಿಲ್ಲದ್ದರಿಂದ ಅದನ್ನು ತರಬೇತಿಯ ಲೆಕ್ಕಕ್ಕೆ ಸೇರಿಸಬೇಡಿ.

ಗುರುತಿಗೆ ಪ್ಲಾಸ್ಟಿಕ್ ಕೋನ್ ಇಲ್ಲದಿದ್ದರೆ ಅರ್ಧ ನೀರು ತುಂಬಿದ ಬಾಟಲಿಗಳೋ ಹಳೆಯ ಚಪ್ಪಲಿಗಳೋ ಸಾಕು. ಕಲ್ಲು ಮತ್ತು ಬಿದಿರಿನ ಗೂಟ ಮಾತ್ರ ಬೇಡ. ಎರಡು ತಂಡಗಳನ್ನು ಬೇರ್ಪಡಿಸಲು ಬಿಬ್, ಎಂದರೆ ಅಂಗಿಯ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಬನಿಯನ್ನು, ಇದ್ದರೆ ಒಳ್ಳೆಯದು. ಶಿನ್ ಗಾರ್ಡ್, ಅಂದರೆ ಮೊಣಕಾಲಿನ ಕೆಳಗಿನ ಎಲುಬಿಗೆ ಕಟ್ಟುವ ಕವಚ, ಹಾಕಿ ಆಡುವ ಮನೆಗಳಲ್ಲಿ ಹೇಗೂ ಇರುತ್ತದೆ. ಅಭ್ಯಾಸಕ್ಕೆ ಅದನ್ನೇ ಕಟ್ಟಬಹುದು. ಕೆಲವರು ಬೂಟು ಹಾಕಿ, ಕೆಲವರು ಬರಿಗಾಲಿನಲ್ಲಿ ಒಟ್ಟಿಗೆ ಆಡುವುದು ಅಪಾಯಕರ. ಎಲ್ಲರಿಗೂ ಬೂಟು ಇಲ್ಲವೆಂದರೆ ಎಲ್ಲರೂ ಬರಿಗಾಲಿನಲ್ಲೇ ಆಡಲಿ.

ಸುರಕ್ಷತೆಯ ನಾಲ್ಕು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎತ್ತಿ ಇಡುವಂಥ ಕಬ್ಬಿಣದ ಗೋಲ್‌ಪೋಸ್ಟ್ ಇದ್ದರೆ ಅದನ್ನು ನೆಲಕ್ಕೆ ಬಿಗಿದು ಅಥವಾ ಹಿಂಭಾಗಕ್ಕೆ ಮರಳಿನ ಚೀಲ ಹೇರಿದ ಮೇಲೆಯೇ ಮಕ್ಕಳನ್ನು ಹತ್ತಿರ ಬಿಡಿ. ಅಡ್ಡಪಟ್ಟಿಗೆ ಜೋತುಬಿದ್ದಾಗ ಪೋಸ್ಟ್ ಮಗುಚಿ ಮಕ್ಕಳು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮೈದಾನಕ್ಕೆ ಮರಳಬೇಡಿ. ಮಳೆಗಾಲದಲ್ಲಿ ಆಟ ಮುಗಿದ ಮೇಲೆ ಸಾಕ್ಸ್ ಬಿಚ್ಚಿಸಿ ಜಿಗಣೆ ಹತ್ತಿದೆಯೇ ಎಂದು ನೋಡಿ. ಆನೆ ಓಡಾಡುವ ತೋಟಗಳ ಅಂಚಿನ ಮೈದಾನವಾಗಿದ್ದರೆ ಮಕ್ಕಳು ಕತ್ತಲಾಗುವ ಮೊದಲೇ ಮನೆ ತಲುಪುವಂತೆ ಆಟ ಮುಗಿಸಿ. ‘ಇನ್ನೊಂದು ಗೋಲು ಸಾರ್’ ಎಂಬ ಬೇಡಿಕೆಗೆ ಇಲ್ಲಿ ಕಿವಿಗೊಡಬಾರದು.

ಹಂತ 1: ಬಾಲ ಕೀಳುವ ಆಟ (7 ನಿಮಿಷ)

ಮೈ ಬಿಸಿಯಾಗಲು ಮೈದಾನದ ಸುತ್ತ ಓಡಿಸುವ ಬದಲು ಇದನ್ನು ಆಡಿಸಿ. ಪ್ರತಿ ಮಗುವೂ ಬಟ್ಟೆಯ ತುಂಡೊಂದನ್ನು ಚಡ್ಡಿಯ ಹಿಂಬದಿಗೆ ಸಿಕ್ಕಿಸಿಕೊಳ್ಳಲಿ. ಹದಿನೈದು ಮೀಟರ್ ಚೌಕದೊಳಗೆ ತನ್ನ ಬಾಲ ಉಳಿಸಿಕೊಂಡು ಇತರರ ಬಾಲ ಕೀಳಬೇಕು. ಬಾಲ ಹೋದವರು ಔಟ್ ಅಲ್ಲ, ಅವರೂ ಆಡುತ್ತಲೇ ಇದ್ದು ಬೇರೆಯವರದನ್ನು ಕಿತ್ತು ಸಿಕ್ಕಿಸಿಕೊಳ್ಳಬಹುದು.

ಚೆಂಡಿಲ್ಲದ ಈ ಆಟ ಫುಟ್‌ಬಾಲ್ ತರಬೇತಿ ಹೇಗಾದೀತು ಎಂದು ಅನುಮಾನ ಬೇಡ. ಎದುರಾಳಿಗೆ ಬೆನ್ನು ತೋರಿಸದೆ, ಮೊಣಕಾಲು ಬಗ್ಗಿಸಿ, ಕಾಲುಗಳನ್ನು ಒಂದರ ಮೇಲೊಂದು ತೊಡರಿಸಿಕೊಳ್ಳದೆ ಅಡ್ಡಡ್ಡಲಾಗಿ ಸರಿಯುವುದೇ ರಕ್ಷಕನ ಮೊದಲ ಪಾಠ. ಬಾಲ ಕಾಪಾಡಿಕೊಳ್ಳುವಾಗ ಮಗು ಮಾಡುವುದು ಅದನ್ನೇ.

ಹಂತ 2: ಹುಲಿ ಮತ್ತು ದನ (8ರಿಂದ 10 ನಿಮಿಷ)

ಇಬ್ಬರು ಹುಲಿಗಳು ಮೈದಾನದ ನಡುವೆ ನಿಲ್ಲಲಿ. ಉಳಿದವರು ಚೆಂಡಿನೊಡನೆ ಒಂದು ಬದಿಯ ಗೆರೆಯ ಮೇಲೆ ನಿಂತು, ನೀವು ಕೂಗಿದ ಕೂಡಲೇ ಡ್ರಿಬಲ್ ಮಾಡುತ್ತಾ ಎದುರಿನ ಗೆರೆಗೆ ದಾಟಬೇಕು. ಡ್ರಿಬಲ್ ಎಂದರೆ ಚೆಂಡನ್ನು ಸಣ್ಣ ಸಣ್ಣ ಸ್ಪರ್ಶಗಳಿಂದ ಕಾಲಿನ ಹತ್ತಿರವೇ ಇಟ್ಟುಕೊಂಡು ಓಡುವುದು. ಹುಲಿ ಯಾರ ಚೆಂಡನ್ನು ಗಡಿಯಿಂದ ಹೊರಕ್ಕೆ ತಳ್ಳುತ್ತದೆಯೋ ಆ ಮಗುವೂ ಹುಲಿಯಾಗುತ್ತದೆ. ಚೆಂಡು ಇಬ್ಬರಿಗೆ ಒಂದರಂತೆ ಇದ್ದರೆ ದನಗಳನ್ನು ಎರಡು ಸರದಿಯಾಗಿ ದಾಟಿಸಿ, ಚೆಂಡಿಲ್ಲದವರು ಆ ಸರದಿಗೆ ಹುಲಿಗಳಾಗಲಿ.

ಈ ಆಟದ ಹಳೆಯ ರೂಪದಲ್ಲಿ ಚೆಂಡು ಕಳೆದುಕೊಂಡವರು ಹೊರಗೆ ಕೂರುತ್ತಾರೆ. ಆ ನಿಯಮವನ್ನು ದಯವಿಟ್ಟು ಕೈಬಿಡಿ. ಮೊದಲು ಚೆಂಡು ಕಳೆದುಕೊಳ್ಳುವ ಮಗುವಿಗೇ ಅಭ್ಯಾಸ ಹೆಚ್ಚು ಬೇಕಾಗಿರುವಾಗ ಅದೇ ಮಗುವನ್ನು ಹೊರಗೆ ಕೂರಿಸಿ ಜಾಣರಿಗೆ ಮಾತ್ರ ಅಭ್ಯಾಸ ಕೊಟ್ಟಂತಾಗುತ್ತದೆ.

ಮಕ್ಕಳು ತಲೆ ತಗ್ಗಿಸಿ ಚೆಂಡನ್ನಷ್ಟೇ ನೋಡುತ್ತಾ ಓಡುತ್ತಾರೆ. ಇದಕ್ಕೆ ‘ತಲೆ ಎತ್ತು’ ಎಂದು ಕೂಗುವುದರಿಂದ ಏನೂ ಆಗುವುದಿಲ್ಲ. ಎದುರಿನ ಗೆರೆಯ ಹಿಂದೆ ನಿಂತು ಕೈಬೆರಳುಗಳನ್ನು ಎತ್ತಿ ತೋರಿಸಿ, ದಾಟಿ ಬರುವವರು ಎಷ್ಟು ಬೆರಳೆಂದು ಹೇಳಬೇಕೆಂಬ ನಿಯಮ ಸೇರಿಸಿ. ತಲೆ ತಾನಾಗಿಯೇ ಮೇಲೇಳುತ್ತದೆ.

ಹಂತ 3: ಸಂಖ್ಯೆ ಕರೆಯುವ ಆಟ, ಒಬ್ಬರ ಎದುರು ಒಬ್ಬರು (15 ನಿಮಿಷ)

ಇಡೀ ಗಂಟೆಯಲ್ಲಿ ಹೆಚ್ಚು ಗಮನ ಬೇಡುವುದು ಈ ಹಂತ. ಹತ್ತು ಮೀಟರ್ ಅಗಲ, ಹದಿನೈದು ಮೀಟರ್ ಉದ್ದದ ಅಂಕಣದ ಎರಡೂ ತುದಿಗಳಲ್ಲಿ ಎರಡು ಮೀಟರ್ ಅಗಲದ ಸಣ್ಣ ಗೋಲುಗಳನ್ನು ಇಡಿ. ಎರಡು ತಂಡದವರೂ ತಮ್ಮ ತಮ್ಮ ಗೋಲಿನ ಪಕ್ಕದಲ್ಲಿ ನಿಲ್ಲಲಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ನೀವು ಒಂದು ಸಂಖ್ಯೆ ಕೂಗಿ ಚೆಂಡನ್ನು ನಡುವಿಗೆ ಉರುಳಿಸಿದಾಗ ಎರಡೂ ತಂಡದ ಆ ಸಂಖ್ಯೆಯವರು ಓಡಿಬರುತ್ತಾರೆ. ಮೊದಲು ಚೆಂಡು ಮುಟ್ಟಿದವರು ದಾಳಿಗಾರರು, ಇನ್ನೊಬ್ಬರು ರಕ್ಷಕರು. ಚೆಂಡು ಕಸಿದುಕೊಂಡ ಕೂಡಲೇ ಪಾತ್ರ ಅದಲುಬದಲು. ಗೋಲಾದರೆ, ಚೆಂಡು ಹೊರಗೆ ಹೋದರೆ ಅಥವಾ ಇಪ್ಪತ್ತು ಸೆಕೆಂಡು ಕಳೆದರೆ ಮುಂದಿನ ಸಂಖ್ಯೆ.

ಸರದಿಗಾಗಿ ಕಾಯುವ ಮಕ್ಕಳ ಸಾಲು ನಾಲ್ಕಕ್ಕಿಂತ ಉದ್ದವಾಗಬಾರದು. ಹದಿನಾರು ಮಕ್ಕಳಿದ್ದರೆ ಇಂಥ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಮಾಡಿ, ಎರಡನೆಯದರಲ್ಲಿ ಸಂಖ್ಯೆ ಕೂಗುವ ಕೆಲಸವನ್ನು ಹಿರಿಯ ವಿದ್ಯಾರ್ಥಿಯೊಬ್ಬನಿಗೆ ವಹಿಸಿ. ಒಂದೇ ಸಂಖ್ಯೆಯನ್ನು ಸರಿಸುಮಾರು ಒಂದೇ ಸಾಮರ್ಥ್ಯದ ಇಬ್ಬರಿಗೆ ಕೊಟ್ಟಿರಬೇಕು, ಮತ್ತು ಹಾಗೆ ಕೊಟ್ಟಿದ್ದೀರೆಂದು ಮಕ್ಕಳಿಗೆ ಗೊತ್ತಾಗಬಾರದು.

ದಾಳಿಗಾರ ಮಗುವಿಗೆ ಹೇಳಬೇಕಾದದ್ದು ಮೂರು ಮಾತು. ರಕ್ಷಕನಿಂದ ದೂರ ಸರಿಯದೆ ನೇರವಾಗಿ ಅವನತ್ತಲೇ ಓಡಬೇಕು, ಆಗ ಅವನು ಯಾವ ಕಡೆಗೆ ಸರಿಯಬೇಕೆಂದು ತಿಳಿಯದೆ ತಡವರಿಸುತ್ತಾನೆ. ಎರಡು ಹೆಜ್ಜೆ ದೂರವಿರುವಾಗ ಭುಜವನ್ನು ಒಂದು ಕಡೆಗೆ ಬಾಗಿಸಿ ಚೆಂಡನ್ನು ಇನ್ನೊಂದು ಕಡೆಗೆ ಒಯ್ಯಬೇಕು. ನಮ್ಮ ಮಕ್ಕಳು ಹಾಕಿಯಿಂದ ಕಲಿತು ‘ಡಾಡ್ಜ್’ ಎನ್ನುವುದು ಇದನ್ನೇ. ದಾಟಿದ ಮೇಲಿನ ಎರಡು ಮೂರು ಹೆಜ್ಜೆಗಳಲ್ಲಿ ವೇಗ ಇಮ್ಮಡಿಯಾಗಬೇಕು. ಚಂದದ ಡಾಡ್ಜ್ ಮಾಡಿ ಅಲ್ಲೇ ನಿಂತು ಮೆಚ್ಚುಗೆಗಾಗಿ ಕಾಯುವ ಮಕ್ಕಳು ಪ್ರತಿ ತಂಡದಲ್ಲೂ ಇರುತ್ತಾರೆ. ಮಿಕ್ಕ ತಂತ್ರಗಳನ್ನು ಅವರೇ ನೋಡಿ ಕಲಿಯುತ್ತಾರೆ, ನಿಮಗೆ ಗೊತ್ತಿರುವುದನ್ನೆಲ್ಲ ಒಂದೇ ಸಂಜೆ ಹೇಳುವ ಅಗತ್ಯವಿಲ್ಲ.

ರಕ್ಷಕನಿಗೆ ಕಲಿಸುವುದು ಇದಕ್ಕಿಂತ ಕಷ್ಟ. ಸಾಮಾನ್ಯವಾಗಿ ಮಗು ಓಡಿದ ವೇಗದಲ್ಲೇ ಬಂದು ಕಾಲು ಹಾಕಿಬಿಡುತ್ತದೆ. ದಾಳಿಗಾರ ಚೆಂಡನ್ನು ತುಸು ಸರಿಸಿದರೆ ಮುಗಿಯಿತು, ರಕ್ಷಕ ಹಿಂದುಳಿದ, ಗೋಲು ಖಾಲಿ. ಆದ್ದರಿಂದ ರಕ್ಷಣೆಯ ಕ್ರಮವನ್ನು ಹೀಗೆ ಬಿಡಿಸಿ ತೋರಿಸಿ. ದೂರವಿರುವಾಗ ವೇಗವಾಗಿ ಹತ್ತಿರ ಹೋಗಬೇಕು. ಎರಡು ಮೀಟರ್ ಅಂತರಕ್ಕೆ ಬಂದಾಗ ಸಣ್ಣ ಹೆಜ್ಜೆಗಳನ್ನಿಟ್ಟು ವೇಗ ತಗ್ಗಿಸಬೇಕು. ಎದೆಯನ್ನು ನೇರಕ್ಕೆ ಕೊಟ್ಟು ನಿಂತರೆ ಚೆಂಡು ಕಾಲುಗಳ ನಡುವೆ ನುಸುಳಿಹೋಗುವುದರಿಂದ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಮೈಯನ್ನು ಓರೆಯಾಗಿ ತಿರುಗಿಸಿ ನಿಲ್ಲಬೇಕು. ಕಣ್ಣು ಚೆಂಡಿನ ಮೇಲೆ ಇರಲಿ. ದಾಳಿಗಾರನ ಭುಜ, ಸೊಂಟಗಳು ಸುಳ್ಳು ಹೇಳಬಹುದು, ಚೆಂಡು ಹೇಳುವುದಿಲ್ಲ. ಬಳಿಕ ಹಿಂದಕ್ಕೆ ಸರಿಯುತ್ತಾ, ಅವನ ದುರ್ಬಲ ಕಾಲಿನ ಕಡೆಗೆ ಅಥವಾ ಗೆರೆಯ ಕಡೆಗೆ ಅವನನ್ನು ತಳ್ಳುತ್ತಾ, ಚೆಂಡು ಅವನ ಕಾಲಿನಿಂದ ಸ್ವಲ್ಪ ಹೆಚ್ಚು ದೂರ ಹೋಗುವ ಗಳಿಗೆಗಾಗಿ ಕಾಯಬೇಕು. ಟ್ಯಾಕಲ್, ಅಂದರೆ ಚೆಂಡು ಕಸಿಯಲು ಕಾಲು ಹಾಕುವುದು, ಆ ಗಳಿಗೆಯಲ್ಲಿ ಮಾತ್ರ.

ಕಾಯುವುದನ್ನು ಮಾತಿನಲ್ಲಿ ಕಲಿಸಲಾಗುವುದಿಲ್ಲ. ನಿಯಮ ಬದಲಿಸಿ: ಹತ್ತು ಎಣಿಸುವವರೆಗೆ ಎದುರಾಳಿಗೆ ಗೋಲು ಬಿಟ್ಟುಕೊಡದ ರಕ್ಷಕನಿಗೆ ಒಂದು ಅಂಕ, ಚೆಂಡು ಕಸಿದು ಗೋಲು ಹೊಡೆದರೆ ಮೂರು ಅಂಕ. ಎಣಿಕೆಯನ್ನು ಸಾಲಿನಲ್ಲಿ ನಿಂತ ಮಕ್ಕಳೇ ಕೂಗಿ ಹೇಳಲಿ, ಅವರಿಗೂ ಕೆಲಸ ಸಿಕ್ಕಂತಾಗುತ್ತದೆ. ಮಲಗಿ ಜಾರಿ ಟ್ಯಾಕಲ್ ಮಾಡುವುದನ್ನು ಈ ವಯಸ್ಸಿನಲ್ಲಿ ಪೂರ್ತಿಯಾಗಿ ನಿಷೇಧಿಸಿ. ಅಂಗಿ ಹಿಡಿದೆಳೆದರೆ ಎದುರಾಳಿಗೆ ಅಂಕ ಹೋಗುವಂತಿರಲಿ.

ಹಂತ 4: ಇಬ್ಬರ ಎದುರು ಒಬ್ಬರು (10 ನಿಮಿಷ)

ಅದೇ ಅಂಕಣ, ಅದೇ ತಂಡಗಳು. ಈಗ ಒಂದು ತಂಡದಿಂದ ಎರಡು ಸಂಖ್ಯೆಗಳನ್ನು, ಇನ್ನೊಂದರಿಂದ ಒಂದನ್ನು ಕರೆಯಿರಿ. ಇಬ್ಬರಿಗೆ ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯುವ ಗುರಿ. ಆಗದಿದ್ದರೆ ರಕ್ಷಕನಿಗೆ ಅಂಕ. ಕಾಲಮಿತಿ ಇರಿಸದಿದ್ದರೆ ಇಬ್ಬರೂ ಚೆಂಡನ್ನು ಅತ್ತಿತ್ತ ಒದೆಯುತ್ತಾ ನಿಂತುಬಿಡುತ್ತಾರೆ.

ಚೆಂಡು ಹಿಡಿದ ಮಗು ಇಲ್ಲಿ ಎರಡು ಬಗೆಯಲ್ಲಿ ತಪ್ಪುತ್ತದೆ. ಕೆಲವು ಮಕ್ಕಳು ಜೊತೆಗಾರ ಕಂಡೊಡನೆ ಪಾಸ್ ಕೊಟ್ಟುಬಿಡುತ್ತಾರೆ; ರಕ್ಷಕ ಇನ್ನೂ ದೂರದಲ್ಲಿ ಇರುವುದರಿಂದ ಅವನಿಗೆ ತಿರುಗಿ ಓಡಲು ಸಮಯ ಸಿಗುತ್ತದೆ. ಕೆಲವರು ಪಾಸ್ ಕೊಡುವುದೇ ಇಲ್ಲ. ಸರಿಯಾದ ಗಳಿಗೆ ಯಾವುದೆಂದರೆ ರಕ್ಷಕ ತನ್ನತ್ತ ಹೆಜ್ಜೆ ಇಟ್ಟ ಕ್ಷಣ. ಅಲ್ಲಿಯವರೆಗೆ ಚೆಂಡಿನೊಂದಿಗೆ ಅವನತ್ತಲೇ ಓಡಬೇಕು, ಅವನು ಜೊತೆಗಾರನ ಕಡೆಗೆ ಸರಿದರೆ ಪಾಸ್ ಕೊಡದೆ ತಾನೇ ನುಗ್ಗಬೇಕು. ಜೊತೆಗಾರ ರಕ್ಷಕನ ಹಿಂದೆ ಅಡಗಿ ನಿಂತು ‘ಕೊಡು, ಕೊಡು’ ಎಂದು ಕೂಗಿದರೆ ಪ್ರಯೋಜನವಿಲ್ಲ. ಚೆಂಡಿಗೂ ತನಗೂ ನಡುವೆ ಯಾರೂ ಇಲ್ಲದ ಕಡೆಗೆ ಅಗಲವಾಗಿ ಸರಿಯಬೇಕು. ಪಾಸ್ ಅವನ ಕಾಲಿಗೆ ಬರುವುದಕ್ಕಿಂತ ಅವನು ಓಡುತ್ತಿರುವ ದಿಕ್ಕಿನಲ್ಲಿ ಒಂದೆರಡು ಹೆಜ್ಜೆ ಮುಂದೆ ಬೀಳಬೇಕು.

ರಕ್ಷಕ ಒಂಟಿಯಾದಾಗ ಗೆಲ್ಲುವುದು ಅವನ ಕೆಲಸವಲ್ಲ, ತಡಮಾಡಿಸುವುದು ಅವನ ಕೆಲಸ. ಇಬ್ಬರ ನಡುವಿನ ದಾರಿಯಲ್ಲಿ ನಿಂತು, ಚೆಂಡಿರುವವನ ಮೇಲೆ ಎರಗದೆ, ಗೋಲಿನತ್ತ ಹಿಂದೆ ಸರಿಯುತ್ತಾ ಅವರನ್ನು ಅನುಮಾನದಲ್ಲಿಡಬೇಕು. ಇದು ಬಂದ ಮೇಲೆ ಐದು ಸೆಕೆಂಡು ತಡವಾಗಿ ಎರಡನೆಯ ರಕ್ಷಕನನ್ನು ಒಳಗೆ ಬಿಡಿ. ಒಬ್ಬ ಚೆಂಡಿನ ಎದುರು ನಿಂತಾಗ ಇನ್ನೊಬ್ಬ ಅವನ ಓರೆಗೆ, ಮೂರು ನಾಲ್ಕು ಹೆಜ್ಜೆ ಹಿಂದೆ ನಿಂತು ಆಸರೆ ಕೊಡುವುದನ್ನು ‘ಕವರ್’ ಎನ್ನುತ್ತಾರೆ. ಇಬ್ಬರೂ ಒಟ್ಟಿಗೆ ಚೆಂಡಿನ ಮೇಲೆ ನುಗ್ಗಿದರೆ ಒಂದೇ ಡಾಡ್ಜ್‌ಗೆ ಇಬ್ಬರೂ ಹೋಗುತ್ತಾರೆಂಬುದು ಮಕ್ಕಳಿಗೆ ಎರಡು ಗೋಲು ತಿಂದ ಮೇಲೆ ತಿಳಿಯುತ್ತದೆ, ಆ ಎರಡು ಗೋಲುಗಳನ್ನು ತಿನ್ನಲು ಬಿಡಿ.

ಹಂತ 5: ನಾಲ್ಕು ಗೋಲುಗಳ ಆಟ (15 ನಿಮಿಷ)

ಇಷ್ಟರವರೆಗೆ ಕಲಿತದ್ದೆಲ್ಲ ಒಟ್ಟಿಗೆ ಬರುವುದು ಈ ಆಟದಲ್ಲಿ. ಮೂವರ ವಿರುದ್ಧ ಮೂವರು, ಗೋಲ್‌ಕೀಪರ್ ಇಲ್ಲ. ಅಂಕಣದ ಪ್ರತಿ ತುದಿಯ ಗೆರೆಯಲ್ಲೂ ಒಂದರ ಬದಲು ಎರಡು ಸಣ್ಣ ಗೋಲುಗಳು, ಒಂದು ಎಡ ಮೂಲೆಯ ಹತ್ತಿರ, ಇನ್ನೊಂದು ಬಲ ಮೂಲೆಯ ಹತ್ತಿರ. ಪ್ರತಿ ತಂಡ ತನ್ನ ಎರಡು ಗೋಲುಗಳನ್ನು ಕಾಪಾಡಿಕೊಂಡು ಎದುರಿನ ಎರಡರಲ್ಲಿ ಯಾವುದಕ್ಕಾದರೂ ಹೊಡೆಯಬಹುದು. ಗೋಲಿನ ಗೆರೆಯಿಂದ 6 ಮೀಟರ್ ಒಳಗೆ ಇನ್ನೊಂದು ಗೆರೆ ಎಳೆಯಿರಿ. ಆ ಗೆರೆ ದಾಟಿ ಒಳಬಂದ ಮೇಲೆ ಹೊಡೆದ ಗೋಲಿಗೆ ಮಾತ್ರ ಅಂಕ.

ಈ ಆಟವನ್ನು ರೂಪಿಸಿ ‘ಫುನಿನೊ’ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿದವರು ಜರ್ಮನಿಯ ಹಾರ್ಸ್ಟ್ ವೈನ್. ಅವರು ಮೂಲತಃ ಹಾಕಿಯವರು. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸ್ಪೇನ್ ಹಾಕಿ ತಂಡದ ತರಬೇತುದಾರರು ಅವರೇ. ಆ ಫೈನಲ್‌ನಲ್ಲಿ ಸ್ಪೇನನ್ನು 4–3ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು ಎಂಬುದನ್ನು ಇಲ್ಲಿನ ಓದುಗರಿಗೆ ನೆನಪಿಸದೆ ಮುಂದೆ ಹೋಗಲಾಗದು. ಹಾಕಿಯಲ್ಲಿ ಗೋಲಿನ ಮುಂದಿನ ‘ಡಿ’ ವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು; ಫುನಿನೊದ 6 ಮೀಟರ್ ಗೆರೆ ಆ ವೃತ್ತ ಮಾಡುವ ಕೆಲಸವನ್ನೇ ಮಾಡುತ್ತದೆ, ದೂರದಿಂದ ಬಲವಾಗಿ ಒದೆಯುವ ಅಭ್ಯಾಸವನ್ನು ನಿಯಮವೇ ತಡೆಯುತ್ತದೆ. ಜರ್ಮನಿಯ ಫುಟ್‌ಬಾಲ್ ಸಂಸ್ಥೆ 2024–25ರ ಋತುವಿನಿಂದ ಅತಿ ಚಿಕ್ಕ ವಯಸ್ಸಿನವರಿಗೆ ಸಣ್ಣ ಗೋಲುಗಳ, ಸಣ್ಣ ತಂಡಗಳ ಆಟವನ್ನೇ ಕಡ್ಡಾಯಗೊಳಿಸಿದೆ. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗ್‌ಗಳೂ 6ರಿಂದ 12 ವರ್ಷದವರನ್ನು ಸಣ್ಣ ತಂಡಗಳಲ್ಲೇ ಆಡಿಸಿದವು. ಹನ್ನೊಂದು ಜನರ ತಂಡ ಕಟ್ಟಿ ಎಂಟು ವರ್ಷದವರನ್ನು ದೊಡ್ಡ ಮೈದಾನಕ್ಕೆ ಬಿಡುವ ನಮ್ಮ ಅವಸರಕ್ಕೆ ಸಮರ್ಥನೆ ಎಲ್ಲೂ ಸಿಗುವುದಿಲ್ಲ.

ಎರಡು ಗೋಲುಗಳಿಂದ ಆಗುವ ಉಪಯೋಗ ನೋಡಿ. ಒಂದೇ ಗೋಲಿದ್ದರೆ ಎಲ್ಲರೂ ಅದರೆದುರು ಮುತ್ತಿಕೊಳ್ಳುತ್ತಾರೆ. ಎರಡಿದ್ದಾಗ ರಕ್ಷಕರು ಒಂದರ ಮುಂದೆ ಕೂಡಿದ ಕೂಡಲೇ ಇನ್ನೊಂದು ಖಾಲಿಯಾಗುತ್ತದೆ. ಚೆಂಡು ಹಿಡಿದ ಮಗು ತಲೆ ಎತ್ತಿ ಎಲ್ಲಿ ಜನ ಕಡಿಮೆ ಎಂದು ನೋಡಲೇಬೇಕು, ಜೊತೆಗಾರರು ಅಗಲವಾಗಿ ಹರಡಲೇಬೇಕು. ರಕ್ಷಕರಾದರೋ ಎರಡು ಗೋಲನ್ನು ಮೂವರು ಕಾಯಬೇಕಾದ್ದರಿಂದ ಒಬ್ಬ ಚೆಂಡಿಗೆ ಎದುರಾಗಿ, ಒಬ್ಬ ಅವನಿಗೆ ಕವರ್ ಕೊಟ್ಟು, ಮೂರನೆಯವನು ದೂರದ ಗೋಲಿನ ದಾರಿಯಲ್ಲಿ ನಿಲ್ಲುವ ವ್ಯವಸ್ಥೆಯನ್ನು ತಾವೇ ಕಂಡುಕೊಳ್ಳುತ್ತಾರೆ. ‘ಗುಂಪು ಕಟ್ಟಬೇಡಿ’ ಎಂಬ ಮಾತನ್ನು ನೀವು ಒಮ್ಮೆಯೂ ಹೇಳಬೇಕಾಗಿ ಬರದಿದ್ದರೆ ಆಟ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಿರಿ.

ಐದು ನಿಮಿಷಕ್ಕೊಮ್ಮೆ ಒಂದೊಂದು ನಿಯಮ ಬದಲಿಸಬಹುದು. ಪಾಸ್ ಕೊಡುವುದೇ ಕಡಿಮೆಯಾಗಿದ್ದರೆ, ಗೋಲಿಗೆ ಮುಂಚೆ ಮೂವರೂ ಚೆಂಡು ಮುಟ್ಟಿದ್ದರೆ ಎರಡು ಅಂಕ ಕೊಡಿ. ರಕ್ಷಣೆ ಸಡಿಲವಾಗಿದ್ದರೆ, ಎದುರಾಳಿಯ ಅರ್ಧದಲ್ಲೇ ಚೆಂಡು ಕಸಿದು ಹೊಡೆದ ಗೋಲಿಗೆ ಎರಡು ಅಂಕ ಕೊಡಿ. ಚೆಂಡು ಕಳೆದ ಕೂಡಲೇ ಅಲ್ಲಿಯೇ ಮುತ್ತಿ ಒತ್ತಡ ಹೇರುವ ಈ ಕ್ರಮಕ್ಕೆ ‘ಪ್ರೆಸ್’ ಎಂದು ಹೆಸರು. ಒಂದು ತಂಡ ತೀರಾ ಮೇಲುಗೈ ಸಾಧಿಸಿದರೆ ಸೋಲುತ್ತಿರುವ ತಂಡಕ್ಕೆ ನಾಲ್ಕನೆಯವನನ್ನು ಸೇರಿಸಿ. ಎರಡು ನಿಯಮಗಳನ್ನು ಮಾತ್ರ ಒಟ್ಟಿಗೆ ಬದಲಿಸಬೇಡಿ, ಮಕ್ಕಳು ಆಟ ಬಿಟ್ಟು ನಿಯಮದ ಬಗ್ಗೆ ಜಗಳವಾಡುತ್ತಾರೆ.

ಆಟ ನಡೆಯುವಾಗ ಗೆರೆಯ ಹೊರಗಿನಿಂದ ‘ಹೊಡಿ’, ‘ಬಿಡು’, ‘ಈಕಡೆ’ ಎಂದು ನಿರ್ದೇಶನ ಕೊಡುವುದನ್ನು ನೀವೂ ನಿಲ್ಲಿಸಬೇಕು, ಪೋಷಕರಿಗೂ ನಿಲ್ಲಿಸಲು ಹೇಳಬೇಕು. ನಿರ್ಧಾರವನ್ನು ನೀವು ತೆಗೆದುಕೊಂಡರೆ ಮಗು ಕಾಲನ್ನಷ್ಟೇ ಬಳಸುತ್ತದೆ. ಹೇಳಲೇಬೇಕಾದದ್ದಿದ್ದರೆ ಆಟವನ್ನು ಇದ್ದಲ್ಲೇ ನಿಲ್ಲಿಸಿ, ಅರ್ಧ ನಿಮಿಷದಲ್ಲಿ ಒಂದು ಪ್ರಶ್ನೆ ಕೇಳಿ: ‘ಈಗ ಯಾವ ಗೋಲು ಖಾಲಿ ಇದೆ?’ ಉತ್ತರ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಿ.

ಹಂತ 6: ಬಿಟ್ಟುಬಿಡುವ ಆಟ (5ರಿಂದ 10 ನಿಮಿಷ)

ನಾಲ್ವರ ವಿರುದ್ಧ ನಾಲ್ವರು, ಸಾಮಾನ್ಯ ಗೋಲು, ಯಾವ ವಿಶೇಷ ನಿಯಮವೂ ಇಲ್ಲ. ಸುಮ್ಮನೆ ನೋಡಿ. ಯಾರು ಸದಾ ಮುಂದೆ ನಿಲ್ಲುತ್ತಾರೆ, ಯಾರನ್ನು ಇತರರು ಸದಾ ಹಿಂದೆ ಅಥವಾ ಗೋಲಿಗೆ ಕಳಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡು ಮುಂದಿನ ವಾರ ಅದನ್ನು ತಿರುಗಿಸಿ. ಹತ್ತು ವರ್ಷದ ಮಗುವನ್ನು ‘ಇವನು ಡಿಫೆಂಡರ್’ ಎಂದು ಕಟ್ಟಿಹಾಕುವುದು ಬಹಳ ಬೇಗ ಆಯಿತು. ಹುಡುಗಿಯರು ಹುಡುಗರೊಂದಿಗೆ ಬೆರೆತು ಆಡುವಾಗ ಚೆಂಡು ಅವರಿಗೆ ಬರುತ್ತಲೇ ಇಲ್ಲವೆಂದು ಕಂಡರೆ, ಹಂತ 3 ಮತ್ತು 4ರಲ್ಲಿ ಅವರಿಗೆ ಹೆಚ್ಚು ಸರದಿ ಕೊಡುವುದು ಭಾಷಣಕ್ಕಿಂತ ಬೇಗ ಫಲ ಕೊಡುತ್ತದೆ.

ಹೆಡಿಂಗ್ ಬಗ್ಗೆ ಒಂದು ಎಚ್ಚರಿಕೆ

ಹೆಡಿಂಗ್, ಎಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಈ ಆರು ಹಂತಗಳಲ್ಲಿ ಎಲ್ಲಿಯೂ ಇಲ್ಲ, ಉದ್ದೇಶಪೂರ್ವಕವಾಗಿಯೇ ಇಲ್ಲ. ಮಿದುಳಿಗೆ ಆಗಬಹುದಾದ ಹಾನಿಯ ಕಳವಳದಿಂದ ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗನ್ನು ನಿಷೇಧಿಸಿದೆ. ಇಂಗ್ಲೆಂಡಿನ ಸಂಸ್ಥೆಯೂ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ ತರಬೇತಿಯಲ್ಲಿ ಹೆಡಿಂಗ್ ಬೇಡವೆಂದು ಸೂಚಿಸಿತು. ‘ನಾವೆಲ್ಲ ಹೊಡೆದಿಲ್ಲವೇ’ ಎಂದು ವಾದಿಸುವ ಹಿರಿಯರು ಬಂದರೂ ಮಣಿಯಬೇಡಿ.

ಹಾಕಿ ಆಡಿದ ಮಕ್ಕಳು ಮತ್ತು ಆಫ್‌ಸೈಡ್

ಹಾಕಿಯಿಂದ ಬರುವ ಮಕ್ಕಳಿಗೆ ಜಾಗ ಹುಡುಕುವುದು, ಹಿಂದೆ ಸರಿಯುತ್ತಾ ರಕ್ಷಿಸುವುದು ಬೇಗ ಬರುತ್ತದೆ. ತೊಡಕಾಗುವುದು ಎರಡು ಕಡೆ. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ಬಲಗಡೆಯೇ ಇರುವುದರಿಂದ ಅವರು ಫುಟ್‌ಬಾಲ್‌ನಲ್ಲೂ ಎಡಗಾಲನ್ನು ಮರೆತುಬಿಡುತ್ತಾರೆ; ಹಂತ 2ರಲ್ಲಿ ಒಂದು ಸುತ್ತು ಎಡಗಾಲಿನಲ್ಲಿ ಮಾತ್ರ ದಾಟಬೇಕೆಂಬ ನಿಯಮವಿಡಿ. ಎರಡನೆಯದಾಗಿ, ಹಾಕಿಯಲ್ಲಿ ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ಹೋಯಿತು, ಫುಟ್‌ಬಾಲ್‌ನಲ್ಲಿ ಇದೆ. ಹಾಗಾಗಿ ಎದುರಾಳಿಯ ಗೋಲಿನ ಬಾಯಲ್ಲೇ ಕಾದು ನಿಲ್ಲುವ ಅಭ್ಯಾಸ ಈ ಮಕ್ಕಳಿಗಿರುತ್ತದೆ.

ಸಣ್ಣ ತಂಡಗಳ ಆಟಕ್ಕೆ ಆಫ್‌ಸೈಡ್ ಬೇಕಿಲ್ಲ, ಅದನ್ನು ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಪರಿಚಯಿಸಿದರೆ ಸಾಕು. ನಿಯಮವನ್ನು ಸರಳವಾಗಿ ಹೀಗೆ ಹೇಳಿ: ಜೊತೆಗಾರ ಪಾಸ್ ಕೊಡುವ ಕ್ಷಣದಲ್ಲಿ ನೀನು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಅವರ ಗೋಲಿನ ಗೆರೆಗೆ ಹತ್ತಿರವಿದ್ದು, ಆಟದಲ್ಲಿ ಭಾಗವಹಿಸಿದರೆ ಆಫ್‌ಸೈಡ್. ಚೆಂಡು ಗೆರೆಯಿಂದ ಹೊರಹೋದ ಮೇಲೆ ಆಟವನ್ನು ಮತ್ತೆ ಆರಂಭಿಸುವ ಗೋಲ್ ಕಿಕ್, ಕಾರ್ನರ್ ಮತ್ತು ಥ್ರೋ-ಇನ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಲಿಸಲು ಇಪ್ಪತ್ತು ಮೀಟರ್ ಅಂಕಣದ ಅಡ್ಡಕ್ಕೆ ಒಂದು ಗೆರೆ ಎಳೆದು ಇಬ್ಬರು ರಕ್ಷಕರನ್ನು ಆ ಗೆರೆಯ ಮೇಲೆ ನಿಲ್ಲಿಸಿ. ಮೂವರು ದಾಳಿಗಾರರಲ್ಲಿ ಯಾರೂ ಚೆಂಡಿಗಿಂತ ಮುಂಚೆ ಗೆರೆ ದಾಟುವಂತಿಲ್ಲ. ಮೊದಲು ಎಲ್ಲರೂ ಬೇಗ ಓಡಿ ಸಿಕ್ಕಿಬೀಳುತ್ತಾರೆ. ಗೆರೆಗೆ ಸಮನಾಗಿ ಅಡ್ಡಲಾಗಿ ಓಡುತ್ತಾ, ಚೆಂಡು ಜೊತೆಗಾರನ ಕಾಲು ಬಿಟ್ಟ ಮೇಲೆ ಒಳಕ್ಕೆ ತಿರುಗುವುದನ್ನು ಅವರು ಕಂಡುಕೊಂಡ ಬಳಿಕ ಗೆರೆಯನ್ನು ಅಳಿಸಿ, ರಕ್ಷಕರಿಗೆ ಒಟ್ಟಿಗೆ ಮುಂದೆ ಬರಲು, ಹಿಂದೆ ಸರಿಯಲು ಬಿಡಿ. ಆಗ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಯೇ ಆಡಬೇಕಾಗುತ್ತದೆ. ಈ ಅಭ್ಯಾಸಕ್ಕೆ ಒಂದು ಬಾರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಮತ್ತು ಇದನ್ನು ಆಡಿಸುವ ದಿನ ಹಂತ 4ನ್ನು ಬಿಟ್ಟುಬಿಡಿ.